ಹೋಗಿ ಕರೆದುಕೊಂಡು ಬಂದರಾಯಿತಲ್ಲ!

ಗಗನಯಾನದ ಸುದ್ದಿ ಬಂದಾಗಲೆಲ್ಲ ಮಾಟುಂಗಾ, ಮುಲುಂಡ್, ಡೊಂಬಿವಲಿಯ ನಮ್ಮವರ ಗ್ರೂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಮೇಲೆ ಹೋದಮೇಲೆ ನೌಕೆ ಕೆಟ್ಟು ನಿಂತರೆ ಏನು ಗತಿ? ಅದರ ಕೆಳಗೆ ಯಾರಾದರೊಬ್ಬರ ಉತ್ತರವೂ ಸಿದ್ಧ: "ಇನ್ನೊಂದು ರಾಕೆಟ್ ಕಳಿಸಿ ಕರೆದುಕೊಂಡು ಬಂದರಾಯಿತಲ್ಲ ಮಾರಾಯ್ರೇ."

ಹಾಗೆ ಆಗುವುದಿಲ್ಲ ಮಾರಾಯ್ರೇ. ಯಾಕೆಂದು ಮುಂಬೈಯವರಿಗೆ ಹೇಳುವುದು ಸುಲಭ. ದಾದರಿನಲ್ಲಿ ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನು ಅಕ್ಕಪಕ್ಕವೇ ಇವೆ. ಹಾಗಂತ ವಿರಾರ್ ಫಾಸ್ಟ್ ಕೆಟ್ಟರೆ ಮೋಟರ್‌ಮ್ಯಾನ್ ಅದನ್ನು ಕಲ್ಯಾಣದ ಕಡೆ ತಿರುಗಿಸುತ್ತಾನೆಯೇ? ಕಕ್ಷೆಯ ಕಥೆಯೂ ಅದೇ, ಇನ್ನೂ ಕಠೋರ. 400 ಕಿ.ಮೀ. ಎತ್ತರದಲ್ಲಿ ನೌಕೆ ಸೆಕೆಂಡಿಗೆ 7.7 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ, ಆ ಓಟವನ್ನು ಪಕ್ಕಕ್ಕೆ ಹೊರಳಿಸಬೇಕೆಂದರೆ ಇಂಧನವನ್ನು ನೀರಿನಂತೆ ಸುರಿಯಬೇಕು. 2003ರಲ್ಲಿ ಇಳಿಯುವಾಗ ಚೂರಾಗಿ ಕಲ್ಪನಾ ಚಾವ್ಲಾ ಸೇರಿ ಏಳೂ ಜನರನ್ನು ಬಲಿ ತೆಗೆದುಕೊಂಡ ನಾಸಾದ ಕೊಲಂಬಿಯಾ ಶಟಲ್ ಭೂಮಧ್ಯರೇಖೆಗೆ 39 ಡಿಗ್ರಿ ಓರೆಯಲ್ಲಿ ಸುತ್ತುತ್ತಿತ್ತು. ಬಾಹ್ಯಾಕಾಶ ನಿಲ್ದಾಣದ ಓರೆ 51.6 ಡಿಗ್ರಿ. ನಡುವಿನ 12.6 ಡಿಗ್ರಿ ತಿರುಗಲು ಸೆಕೆಂಡಿಗೆ ಸುಮಾರು 1,700 ಮೀಟರ್‌ನಷ್ಟು ವೇಗ ಬದಲಾವಣೆ ಬೇಕಿತ್ತು. ಶಟಲ್‌ನ ಕಕ್ಷಾ ಎಂಜಿನ್‌ಗಳು ಟ್ಯಾಂಕ್ ತುಂಬಿದ್ದಾಗಲೂ ಕೊಡುತ್ತಿದ್ದುದು 300ರ ಆಸುಪಾಸು. "ನಿಲ್ದಾಣಕ್ಕೆ ಹೋಗಿ ಕೂರಬಹುದಿತ್ತಲ್ಲ" ಎನ್ನುವವರಿಗೆ ಇಷ್ಟು ಸಾಕು.

ರಷ್ಯದವರು ತಮ್ಮ ಸೊಯುಜ್ ನೌಕೆ ಕಳಿಸಬಹುದಿತ್ತು ಎನ್ನುವವರೂ ಇದ್ದಾರೆ. ಸೊಯುಜ್ ಹಾರುವ ಬೈಕನೂರು ಇರುವುದು 46 ಡಿಗ್ರಿ ಅಕ್ಷಾಂಶದಲ್ಲಿ. ಹಾರುವ ಜಾಗದ ಅಕ್ಷಾಂಶಕ್ಕಿಂತ ಕಡಿಮೆ ಓರೆಯ ಕಕ್ಷೆಗೆ ಅಲ್ಲಿಂದ ನೇರವಾಗಿ ಹೋಗಲು ಆಗುವುದಿಲ್ಲ. ಹೋಗಿದ್ದರೂ ಸೊಯುಜ್‌ನಲ್ಲಿ ಸೀಟು ಮೂರು, ಕೊಲಂಬಿಯಾದಲ್ಲಿ ಜನ ಏಳು, ಮತ್ತು ಆ ಯಾನದಲ್ಲಿ ಕೊಲಂಬಿಯಾಕ್ಕೆ ಡಾಕಿಂಗ್ ಬಾಗಿಲೇ, ಅಂದರೆ ಇನ್ನೊಂದು ನೌಕೆ ಬಂದು ಕೂಡಿಕೊಳ್ಳುವ ಬಾಗಿಲೇ ಇರಲಿಲ್ಲ.

ಹಾಗಾದರೆ ದಾರಿಯೇ ಇರಲಿಲ್ಲವೇ? ಒಂದಿತ್ತು. ಹಾರಿದ 81.7 ಸೆಕೆಂಡಿಗೆ ಇಂಧನ ಟ್ಯಾಂಕಿನ ಹೊದಿಕೆಯಿಂದ ಕಳಚಿದ ಮುಕ್ಕಾಲು ಕಿಲೋ ತೂಕದ ಫೋಮ್ ತುಂಡು ಎಡರೆಕ್ಕೆಯ ಅಂಚಿಗೆ ಬಡಿದಿತ್ತು. ಅದರಿಂದ ತೂತಾಗಿದೆ ಎಂಬುದು ಮೊದಲ ಕೆಲವೇ ದಿನಗಳಲ್ಲಿ ಖಚಿತವಾಗಿದ್ದರೆ ಏನು ಮಾಡಬಹುದಿತ್ತು ಎಂದು ಆಮೇಲೆ ತನಿಖಾ ಮಂಡಳಿ ಲೆಕ್ಕ ಹಾಕಿಸಿತು. ಅನ್ನ, ನೀರು, ಆಮ್ಲಜನಕ ಯಾವುದೂ ಮೊದಲು ಮುಗಿಯುತ್ತಿರಲಿಲ್ಲ. ಮೊದಲು ಮುಗಿಯುತ್ತಿದ್ದುದು ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳು. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈ ಆಕ್ಸೈಡ್ ಉಸಿರಲ್ಲಿ ಬಿಡುತ್ತಾನೆ; ಅದನ್ನು ಹೀರಲು ಹೆಚ್ಚುಕಡಿಮೆ ಅಷ್ಟೇ ತೂಕದ ಲಿಥಿಯಂ ಹೈಡ್ರಾಕ್ಸೈಡ್ ಬೇಕು. ಡಬ್ಬಿ ಒಮ್ಮೆ ಬಳಸಿದರೆ ಮುಗಿಯಿತು. ಏಳೂ ಜನ ಪ್ರಯೋಗಗಳನ್ನೆಲ್ಲ ನಿಲ್ಲಿಸಿ ಸುಮ್ಮನೆ ಮಲಗಿದ್ದರೆ ಫೆಬ್ರವರಿ 15ರವರೆಗೆ, ಅಂದರೆ 30 ದಿನ ತಳ್ಳಬಹುದಿತ್ತು. ಅತ್ತ ಮಾರ್ಚ್ 1ಕ್ಕೆ ಹಾರಬೇಕಿದ್ದ ಇನ್ನೊಂದು ಶಟಲ್ ಅಟ್ಲಾಂಟಿಸ್ ಅನ್ನು ಹಗಲುರಾತ್ರಿ ದುಡಿದು ಫೆಬ್ರವರಿ 10ಕ್ಕೆ ಹೊರಡಿಸಬಹುದಿತ್ತು. ನಡುವೆ ಸಿಗುವುದು ಐದು ದಿನ. ನಾಲ್ಕು ಜನರ ತಂಡ, ಎರಡು ಶಟಲ್ ಎದುರುಬದುರಾಗಿ ನಿಂತು, ಸ್ಪೇಸ್‌ಸೂಟುಗಳನ್ನು ಆ ಕಡೆ ಈ ಕಡೆ ಸಾಗಿಸುತ್ತಾ ಇಬ್ಬಿಬ್ಬರನ್ನಾಗಿ ದಾಟಿಸುವುದು, ಹನ್ನೊಂದು ಜನ ಒಂದೇ ಶಟಲ್‌ನಲ್ಲಿ ವಾಪಸು. ಅದೂ ಅದೇ ಫೋಮ್ ಇರುವ ಟ್ಯಾಂಕಿನ ಮೇಲೆ ಕೂತು ಹೋಗಿ. ರೆಕ್ಕೆಯ ಫೋಟೋ ತೆಗೆಸಿ ಎಂದು ಎಂಜಿನಿಯರ್‌ಗಳು ಕೇಳಿದ್ದರು, ಮೇಲಿನವರು ಬೇಡವೆಂದರು. ಐದು ದಿನದ ಆ ಕಿಟಕಿ ಮುಚ್ಚಿದ್ದು ಅಲ್ಲಿ.

ಇದರಿಂದ ನಾಸಾ ಕಲಿತದ್ದು 2009ರ ಮೇ ತಿಂಗಳಲ್ಲಿ ಕಣ್ಣಿಗೆ ಕಾಣುವಂತಿತ್ತು. ಹಬಲ್ ದೂರದರ್ಶಕದ ದುರಸ್ತಿಗೆ ಅಟ್ಲಾಂಟಿಸ್ ಒಂದು ಪ್ಯಾಡಿನಿಂದ ಹೊರಟಾಗ ಪಕ್ಕದ ಪ್ಯಾಡಿನಲ್ಲಿ ಎಂಡೆವರ್ ಶಟಲ್ ಬರೀ ರಕ್ಷಣೆಗಾಗಿ ನಿಂತಿತ್ತು. ನನ್ನ ಪ್ರಕಾರ ರಕ್ಷಣೆ ಎಂದರೆ ಅದು, ಮೊದಲೇ ನಿಲ್ಲಿಸಿದ ಎರಡನೇ ಗಾಡಿ. ಕೆಟ್ಟಮೇಲೆ ಹುಡುಕುವುದು ಪರದಾಟ.

ನಿಲ್ದಾಣದಲ್ಲಿದ್ದಾಗ ಕೆಟ್ಟರೆ ಗಾಳಿ, ನೀರಿನ ಗಡಿಬಿಡಿ ಇಲ್ಲ. ಅಲ್ಲಿ ಕಷ್ಟ ಸೀಟಿನದು. 2022ರ ಡಿಸೆಂಬರ್‌ನಲ್ಲಿ ಸೊಯುಜ್ ಎಂಎಸ್-22ರ ರೇಡಿಯೇಟರ್ ಕೊಳವೆಗೆ 0.8 ಮಿ.ಮೀ. ತೂತಾಗಿ ತಂಪುದ್ರವವೆಲ್ಲ ಸೋರಿಹೋಯಿತು. ಎಂಜಿನ್ ಸರಿ ಇತ್ತು, ಆದರೆ ಮೂವರು ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಮೈಶಾಖ, ಯಂತ್ರಗಳ ಶಾಖ ಎರಡೂ ಹೋಗಲು ದಾರಿಯಿಲ್ಲ. ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುವ ಭಯ, ಜೊತೆಗೆ ತೇವ. ಮೇ ತಿಂಗಳ ಮಧ್ಯಾಹ್ನ ಫ್ಯಾನ್ ನಿಂತ ಸೆಕೆಂಡ್ ಕ್ಲಾಸ್ ಡಬ್ಬಿ ಅಂದುಕೊಳ್ಳಿ. ಬದಲಿ ನೌಕೆ ಬರುವವರೆಗೆ ಮೂವರಲ್ಲಿ ಒಬ್ಬರಾದ ಅಮೆರಿಕದ ಫ್ರಾಂಕ್ ರುಬಿಯೊ ಅವರ ಸೀಟಿನ ಅಚ್ಚನ್ನು ಬಿಚ್ಚಿ ಪಕ್ಕದಲ್ಲಿದ್ದ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ನೌಕೆಯಲ್ಲಿ ಕಟ್ಟಿದರು. ಈ ಅಚ್ಚೆಂದರೆ ಸಣ್ಣ ವಿಷಯವಲ್ಲ. ಸೊಯುಜ್ ಇಳಿಯುವುದು ಗಟ್ಟಿ ನೆಲಕ್ಕೆ; ಬೆನ್ನುಮೂಳೆ ಉಳಿಯಬೇಕಾದರೆ ಸೀಟು ಮೈಗೆ ಅಂಟಿದಂತಿರಬೇಕು. ಅದಕ್ಕೇ ಪ್ರತಿಯೊಬ್ಬರನ್ನೂ ಜಿಪ್ಸಂ ತೊಟ್ಟಿಯಲ್ಲಿ ಕೂರಿಸಿ ಅಳತೆ ತೆಗೆಯುತ್ತಾರೆ, ತೂಕವಿಲ್ಲದಲ್ಲಿ ಮೈ ಉದ್ದವಾಗುತ್ತದೆಂದು ತಲೆಯ ಮೇಲೆ ಜಾಗ ಬಿಡುತ್ತಾರೆ. ಒಬ್ಬರ ಸೀಟು ಇನ್ನೊಬ್ಬರಿಗಾಗದು. ಕೊನೆಗೆ ಎಂಎಸ್-23 ಖಾಲಿಯಾಗಿ 2023ರ ಫೆಬ್ರವರಿಯಲ್ಲಿ ಹೋಯಿತು, ಮೂವರೂ ಸೆಪ್ಟೆಂಬರ್‌ನಲ್ಲಿ ಇಳಿದರು: 371 ದಿನ.

ಸುನಿತಾ ವಿಲಿಯಮ್ಸ್ ವಿಷಯದಲ್ಲಿ ನಮ್ಮ ಟಿವಿಗಳು "ಸಿಕ್ಕಿಹಾಕಿಕೊಂಡರು" ಎಂದು ತಿಂಗಳುಗಟ್ಟಲೆ ಅರಚಿದವು. ನಿಜಕ್ಕೂ ಇಕ್ಕಟ್ಟಾಗಿದ್ದುದು ಬೇರೆ ಕಡೆ. ಅವರು ಹೋಗಿದ್ದ ಬೋಯಿಂಗ್‌ನ ಸ್ಟಾರ್‌ಲೈನರ್ ನೌಕೆಯ ಥ್ರಸ್ಟರ್‌ಗಳು, ಅಂದರೆ ದಿಕ್ಕು ತಿದ್ದುವ ಪುಟ್ಟ ಎಂಜಿನ್‌ಗಳು, ಕಾದು ಒಳಗಿನ ಟೆಫ್ಲಾನ್ ಸೀಲು ಉಬ್ಬಿ ಇಂಧನದ ದಾರಿ ಕಟ್ಟಿದಂತಾಗಿತ್ತು, ಹೀಲಿಯಂ ಬೇರೆ ಸೋರುತ್ತಿತ್ತು. ಈ ನೌಕೆಗಳು ಕಚ್ಚಿಕೊಳ್ಳಬಲ್ಲ ಬಾಗಿಲುಗಳು ನಿಲ್ದಾಣದಲ್ಲಿ ಎರಡೇ. ಹಾಗಾಗಿ ಹೊಸ ಡ್ರ್ಯಾಗನ್ ಬರಬೇಕಾದರೆ ಸ್ಟಾರ್‌ಲೈನರ್ ಮೊದಲು ಜಾಗ ಬಿಡಬೇಕು. 2024ರ ಸೆಪ್ಟೆಂಬರ್ 6ಕ್ಕೆ ಅದು ಖಾಲಿ ಹೊರಟಿತು. ಎರಡು ಸೀಟು ಖಾಲಿ ಇಟ್ಟುಕೊಂಡ ಡ್ರ್ಯಾಗನ್ ಬಂದು ಸೇರಿದ್ದು 29ಕ್ಕೆ. ನಡುವಿನ ಮೂರು ವಾರ ನಿಲ್ದಾಣ ಬಿಟ್ಟು ಓಡಬೇಕಾಗಿ ಬಂದಿದ್ದರೆ, ಸುನಿತಾ, ಜೊತೆಗಾರ ಬುಚ್ ವಿಲ್ಮೋರ್ ಇಬ್ಬರೂ ಅಲ್ಲಿ ಮೊದಲೇ ಇದ್ದ ಇನ್ನೊಂದು ಡ್ರ್ಯಾಗನ್‌ನ ಸೀಟುಗಳ ಕೆಳಗೆ, ಸಾಮಾನಿಡುವ ಜಾಗದಲ್ಲಿ ಫೋಮ್ ಹಾಸಿ ಪಟ್ಟಿ ಬಿಗಿದುಕೊಂಡು ಮಲಗಿ ಬರಬೇಕಿತ್ತು. ಬೋಯಿಂಗ್ ಸೂಟು ಡ್ರ್ಯಾಗನ್‌ಗೆ ಹೊಂದುವುದೂ ಇಲ್ಲ. ಡಾಕಿಂಗ್ ಉಂಗುರಕ್ಕೆ ಅಂತರರಾಷ್ಟ್ರೀಯ ಅಳತೆ 2010ರಲ್ಲೇ ಬಂತು. ಸೂಟಿಗೂ ಸೀಟಿಗೂ ಅಂಥದ್ದು ಯಾವಾಗಲೋ?

ಚೀನಾದವರದು ಶಿಸ್ತು. 2025ರ ನವೆಂಬರ್‌ನಲ್ಲಿ ಅವರ ನಿಲ್ದಾಣದಲ್ಲಿದ್ದ ಶೆಂಝೌ-20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತು. ಬಾಹ್ಯಾಕಾಶದ ಕಸದ ಚೂರು ಬಡಿದಿರಬೇಕೆಂಬ ಗುಮಾನಿ. ಹಳೆಯ ತಂಡ ಹೊಸಬರ ನೌಕೆ ಹತ್ತಿ 14ಕ್ಕೆ ಇಳಿಯಿತು. ಸಿದ್ಧವಾಗಿಟ್ಟಿದ್ದ ಶೆಂಝೌ-22 ಖಾಲಿಯಾಗಿ 25ಕ್ಕೆ ಹಾರಿತು. ಆದರೆ ನಡುವಿನ ಹನ್ನೊಂದು ದಿನ ಮೇಲಿದ್ದ ಮೂವರಿಗೆ ನೆಚ್ಚಿಕೊಳ್ಳುವಂಥ ನೌಕೆ ಇರಲಿಲ್ಲ. ಅತ್ಯಂತ ಸಿದ್ಧವಿದ್ದವರ ಸ್ಥಿತಿಯೇ ಇದು.

ಎಂಬತ್ತಾರು ಸೆಂಟಿಮೀಟರ್ ಅಗಲದ ಬಟ್ಟೆಯ ಚೆಂಡಿನೊಳಗೆ ಮುದುಡಿ ಕೂರಿಸಿ ಸಾಗಿಸುವ ನಾಸಾದ ಹಳೆಯ ಯೋಜನೆಯನ್ನೂ ಕೆಲವರು ಶೇರ್ ಮಾಡುತ್ತಾರೆ. ಆಮ್ಲಜನಕ ಒಂದು ಗಂಟೆಗೆ. ಹಾರಿಸಲೇ ಇಲ್ಲ, ಬಿಡಿ.

ಈಗ ನಮ್ಮ ಗಗನಯಾನ. ಮೂರು ಜನ, ಮೂರು ದಿನ, 400 ಕಿ.ಮೀ. ಮೂರು ದಿನದೊಳಗೆ ಯಾರೂ ಇನ್ನೊಂದು ರಾಕೆಟ್ ಹಾರಿಸಿ ತಲುಪಲಾರರು. ಆದ್ದರಿಂದ ಇಲ್ಲಿ ರಕ್ಷಣೆ ಎಂದರೆ ತಾನೇ ಇಳಿಯುವುದು, ಅಷ್ಟೇ. ಕಕ್ಷೆಯಿಂದ ಇಳಿಯಲು ಬೇಕಾದ ವೇಗ ಕಡಿತ ಸೆಕೆಂಡಿಗೆ ಸುಮಾರು 100 ಮೀಟರ್. ಎಂಜಿನ್‌ಗಳಿರುವ ಭಾಗವಾದ ಸರ್ವಿಸ್ ಮಾಡ್ಯೂಲ್‌ನಲ್ಲಿ 440 ನ್ಯೂಟನ್‌ನ ಐದು ಎಂಜಿನ್, 100 ನ್ಯೂಟನ್‌ನ ಹದಿನಾರು ಥ್ರಸ್ಟರ್. ನೌಕೆಯ ತೂಕ ಎಂಟು ಟನ್ ಎಂದಿಟ್ಟುಕೊಂಡರೆ ಐದೂ ಎಂಜಿನ್ ಉರಿದಾಗ ಆರು ನಿಮಿಷದ ಕೆಲಸ. ನಾಲ್ಕು ಕೈಕೊಟ್ಟು ಒಂದೇ ಉಳಿದರೆ ಅರ್ಧ ಗಂಟೆ. ಲೆಕ್ಕಕ್ಕೆ ಸಾಧ್ಯ, ಆದರೆ ಅಷ್ಟೂ ಹೊತ್ತು ಪಕ್ಕಕ್ಕೆ ಎಳೆಯುವ ನೌಕೆಯನ್ನು ಥ್ರಸ್ಟರ್‌ಗಳು ನೆಟ್ಟಗೆ ಹಿಡಿದಿರಬೇಕು, ಇಳಿಯುವ ಜಾಗ ಸಾವಿರಾರು ಕಿ.ಮೀ. ಜಾರದಂತೆ ಮುಂಚೆಯೇ ಶುರು ಮಾಡಬೇಕು.

ಯಂತ್ರವೇ ತಪ್ಪು ಆದೇಶ ಕೊಟ್ಟರೆ? 1988ರ ಸೆಪ್ಟೆಂಬರ್‌ನಲ್ಲಿ ಸೊಯುಜ್ ಟಿಎಂ-5ರಲ್ಲಿ ಆದದ್ದು ಇದೇ. ಎಂಜಿನ್ ಅರ್ಧಕ್ಕೇ ನಿಂತಿತು, ಆದರೂ ಕಂಪ್ಯೂಟರ್ ತನ್ನ ಪಾಡಿಗೆ ಎಂಜಿನ್ ಭಾಗವನ್ನೇ ಕಳಚುವ ಹಂತಕ್ಕೆ ಎಣಿಸುತ್ತಾ ಹೋಯಿತು. ಕಮಾಂಡರ್ ಲ್ಯಾಖೋವ್ ಅದನ್ನು ಗಮನಿಸಿ ಕೈಯಾರೆ ನಿಲ್ಲಿಸಿದರು. ಇಲ್ಲದಿದ್ದರೆ ಇಳಿಯಲು ಎಂಜಿನ್ನೇ ಇರುತ್ತಿರಲಿಲ್ಲ. ಶೌಚಾಲಯವಿದ್ದ ಕೋಣೆಯನ್ನು ಮೊದಲೇ ಕಳಚಿಬಿಟ್ಟಿದ್ದರಿಂದ ಅವರೂ ಅಫ್ಘಾನಿಸ್ತಾನದ ಮೊಹಮಂದ್ ಅವರೂ ಒಂದು ದಿನ ಆ ಪುಟ್ಟ ಗೂಡಿನಲ್ಲೇ ಕಳೆದರು. ಅಂದಿನಿಂದ ಸೊಯುಜ್‌ನಲ್ಲಿ ಎಂಜಿನ್ ಉರಿದು ಮುಗಿದ ಮೇಲಷ್ಟೇ ಆ ಕೋಣೆ ಕಳಚುತ್ತಾರೆ. ನಮ್ಮ ಮೂವರ ಕೈಗೂ ಅಂಥದ್ದೊಂದು "ನಿಲ್ಲು" ಎನ್ನುವ ಗುಂಡಿ ಇರಬೇಕು.

ಕಕ್ಷೆಯಲ್ಲಿ ಡಾಕಿಂಗ್ ಕಲಿಯಲು ಇಸ್ರೋ ನಡೆಸಿದ ಸ್ಪೇಡೆಕ್ಸ್ ಪ್ರಯೋಗದಲ್ಲಿ 2025ರ ಜನವರಿ 16ರಂದು ತಲಾ 220 ಕಿಲೋದ ಎರಡು ಉಪಗ್ರಹ ಕೂಡಿಸಿದ್ದೇವೆ. ಅದೂ ಎರಡು ಸಲ ಮುಂದೂಡಿ. ತಪ್ಪೇನಿಲ್ಲ, ಹಾಗೇ ಮಾಡಬೇಕು. ಆದರೆ ನಮ್ಮದೇ ನಿಲ್ದಾಣ ಕಟ್ಟಿ ಜನರನ್ನು ತಿಂಗಳುಗಟ್ಟಲೆ ಇಡುವ ಹೊತ್ತಿಗೆ ಶ್ರೀಹರಿಕೋಟಾದಲ್ಲಿ ಇನ್ನೊಂದು ನೌಕೆ, ಇನ್ನೊಂದು ರಾಕೆಟ್ ಸಿದ್ಧ ನಿಂತಿರಬೇಕು. ರಾಕೆಟ್ಟಿಗೆ ಬೇಕಾದ ವಿಕಾಸ್ ಎಂಜಿನ್ ನಮ್ಮ ವಿಕ್ರೋಳಿಯ ಗೋದ್ರೆಜ್‌ನಲ್ಲೇ ತಯಾರಾಗುತ್ತದೆ. ಹಾರದೆ ನಿಲ್ಲುವ ಆ ರಾಕೆಟ್ಟಿಗೆ ಬಜೆಟ್‌ನಲ್ಲಿ ಹಣ ತೆಗೆದಿಟ್ಟ ವರ್ಷ, "ದುಂದುವೆಚ್ಚ" ಎಂದು ಇದೇ ಗ್ರೂಪುಗಳಲ್ಲಿ ಬೈಯುವವರಿಗೆ ಈ ಪೋಸ್ಟ್ ಫಾರ್ವರ್ಡ್ ಮಾಡಿ.