ಉಳಿತಾಯ ಮಾಡೋಕೆ ದುಡ್ಡು ಸಾಲುತ್ತಿಲ್ಲ

ನಮ್ಮ ಮನೆ ತಾರಸಿಯಲ್ಲಿ ಬೆಳೆದ ಟೊಮೆಟೊ ಹಣ್ಣು ಒಂದಕ್ಕೆ 340 ರೂಪಾಯಿ ಬಿದ್ದಿದೆ. ಕೆಜಿಗಲ್ಲ ಸ್ವಾಮಿ, ಒಂದಕ್ಕೆ. ಲೆಕ್ಕ ತಪ್ಪಿಲ್ಲ, ಎರಡು ಸಲ ಕೂಡಿ ನೋಡಿದ್ದೇನೆ. ಗ್ರೋ ಬ್ಯಾಗಿಗೆ 650, ಕೋಕೋಪೀಟಿಗೆ 380, ಎರೆಗೊಬ್ಬರಕ್ಕೆ 300, ಬೇವಿನ ಹಿಂಡಿಗೆ 160, ಬೀಜಕ್ಕೆ 200, ನೀರು ಚಿಮುಕಿಸುವ ಸ್ಪ್ರೇಗೆ 190, ಇದನ್ನೆಲ್ಲ ಹೇಗೆ ಮಾಡಬೇಕು ಅಂತ ಹೇಳಿಕೊಟ್ಟ ಕಾರ್ಯಾಗಾರಕ್ಕೆ 500. ಒಟ್ಟು 2380. ಬಿಟ್ಟ ಹಣ್ಣು ಏಳು. ಒಂದನ್ನು ಅಳಿಲು ಅರ್ಧ ತಿಂದು ಬಿಸಾಕಿ ಹೋಯಿತು, ಅದನ್ನೂ ಸೇರಿಸಿಯೇ ಏಳು. ಅವತ್ತು ಎಂ.ಜಿ. ರಸ್ತೆ ಮಾರ್ಕೆಟ್ಟಿನಲ್ಲಿ ಟೊಮೆಟೊ ಕೆಜಿಗೆ ಇಪ್ಪತ್ತು, ಇಪ್ಪತ್ತು ಅಂತ ಕೂಗುತ್ತಿದ್ದರು. ನಾನು ಕಿವಿ ಮುಚ್ಚಿಕೊಂಡು ಬಂದೆ.

ಇದು 2023ರ ಜುಲೈನಲ್ಲಿ ಶುರುವಾದ ಕಾಯಿಲೆ. ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿ ಮೇಲೆ ಹತ್ತಿದ ಆ ತಿಂಗಳು ನೆನಪಿದೆ ಅಲ್ವಾ? ಆಗ ಮೈಸೂರಿನ ಅರ್ಧ ಜನ ತಿಳಿಸಾರಿಗೆ ಬರೀ ಹುಣಸೆಹಣ್ಣು ಹಾಕಿದರು, ಉಳಿದರ್ಧ ಜನ ತಾರಸಿಗೆ ಹತ್ತಿದರು. ಟೊಮೆಟೊ ಸಸಿ ನೆಟ್ಟು ಹಣ್ಣು ಕೀಳುವುದಕ್ಕೆ ಎರಡೂವರೆ ಮೂರು ತಿಂಗಳು ಬೇಕು. ಅಷ್ಟರಲ್ಲಿ ಬೆಲೆ ನೆಲಕ್ಕೆ ಬಿದ್ದಿತ್ತು. ಬೆಲೆ ಇಳಿಯಿತು, ಕಾಯಿಲೆ ಇಳಿಯಲಿಲ್ಲ. ಈಗ ಫೋನ್ ತೆಗೆದರೆ ಸಾಕು, ಉಳಿತಾಯದ ಟಿಪ್ಸು. ತಿಂಗಳಿಗೆ ಐದು ಸಾವಿರ ಉಳಿಸಿ, ಸೋಪಿನ ಪುಡಿ ಖರ್ಚು ಅರ್ಧ ಮಾಡಿ, ಇನ್ನು ಮುಂದೆ ತರಕಾರಿ ಕೊಳ್ಳಲೇಬೇಡಿ. ಪ್ರತಿ ಟಿಪ್ಸಿನ ಕೆಳಗೂ ಒಂದು ಲಿಂಕ್. ಒತ್ತಿದರೆ ಅಂಗಡಿ.

ನಾನು ಹೋದ ಕಾರ್ಯಾಗಾರದ ಹೆಸರು ಬೇಡ ಬಿಡಿ. ಖರ್ಚಿಲ್ಲದ ಬದುಕು ಅನ್ನುವುದು ವಿಷಯ, ಪ್ರವೇಶಕ್ಕೆ 500 ರೂಪಾಯಿ. ಏಸಿ ಸಭಾಂಗಣ, ಪ್ರತಿ ಕುರ್ಚಿಯ ಮೇಲೂ ಒಂದು ಪ್ಲಾಸ್ಟಿಕ್ ನೀರಿನ ಬಾಟಲಿ. ಮಾತಾಡಿದವರು ಒಂದೂವರೆ ಗಂಟೆ ಒಂದೇ ಮಾತು ಹೇಳಿದರು. ನಿಮ್ಮ ಅಜ್ಜಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಹೊರಗೆ ಬಂದರೆ ಅಜ್ಜಿ ಮಾಡುತ್ತಿದ್ದದ್ದೆಲ್ಲ ಮೇಜಿನ ಮೇಲೆ ಸಾಲಾಗಿ ಮಾರಾಟಕ್ಕಿತ್ತು. ಗಾಜಿನ ಭರಣಿಯಲ್ಲಿ ಸೀಗೆಪುಡಿ, ದಾರ ಕಟ್ಟಿದ ಪುಟ್ಟ ಚೀಲದಲ್ಲಿ ಅಂಟುವಾಳಕಾಯಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಬೆರಣಿ. ಸವೆದ ಸೋಪಿನ ಚೂರುಗಳನ್ನು ತುಂಬಿ ಮೈ ಉಜ್ಜಿಕೊಳ್ಳುವುದಕ್ಕೆ ಒಂದು ಬಲೆಚೀಲ, ಅದಕ್ಕೆ 149. ನಮ್ಮವ್ವ ಮೈಸೂರು ಸ್ಯಾಂಡಲ್ ಸೋಪು ಸವೆದು ಎಲೆಯಷ್ಟು ತೆಳ್ಳಗಾದಾಗ ಅದನ್ನು ಹೊಸ ಸೋಪಿನ ಬೆನ್ನಿಗೆ ಒತ್ತಿ ಅಂಟಿಸುತ್ತಿದ್ದರು, ಒಂದು ರಾತ್ರಿಯಲ್ಲಿ ಎರಡೂ ಒಂದಾಗುತ್ತಿದ್ದವು. ಅದಕ್ಕೆ ಚೀಲ ಬೇಕು ಅಂತ ಅವರಿಗೆ ಹೊಳೆದಿರಲಿಲ್ಲ. ಪಾಪ, ಓದಿದವರಲ್ಲ.

ಒಗೆಯುವ ಬಟ್ಟೆಯ ಕಥೆ ಕೇಳಿ. ಬಿಳಿ ಅಂಗಿಯ ಕಾಲರಿನ ಕೊಳೆಗೆ ವಿನೆಗರ್ ಮತ್ತು ಅಡುಗೆ ಸೋಡಾ ಸೇರಿಸಿ ಹಾಕಿ, ಕೆಮಿಕಲ್ಲೇ ಇಲ್ಲ ಅಂತ ಒಂದು ಟಿಪ್ಸು. ಎರಡು ಬಾಟಲಿ ವಿನೆಗರ್, ಕಾಲು ಕೆಜಿ ಸೋಡಾ ತಂದೆ. ಬಚ್ಚಲಲ್ಲಿ ಬಕೆಟ್ ಇಟ್ಟು ಸುರಿದರೆ ಆಹಾ, ಬುಸ್ ಅಂತ ನೊರೆ ಉಕ್ಕಿ ಕಾಲ ಮೇಲೆ ಬಂತು. ಕೊಳೆಯೆಲ್ಲ ಕಿತ್ತು ಬರುತ್ತಿದೆ ಅಂತ ಖುಷಿಯಾಗಿ ಹೆಂಡತಿಯನ್ನೂ ಕರೆದು ತೋರಿಸಿದೆ. ನೊರೆ ಇಳಿಯಿತು. ಕಾಲರ್ ಹಾಗೇ ಇತ್ತು. ಬಾಗಿಲಲ್ಲಿ ನಿಂತಿದ್ದ ಮಗಳು, 'ಅಪ್ಪಾ, ಇದು ಹತ್ತನೇ ಕ್ಲಾಸ್ ಪಾಠ, ಆಮ್ಲ ಮತ್ತು ಪ್ರತ್ಯಾಮ್ಲ. ಎರಡೂ ಸೇರಿದರೆ ಒಂದನ್ನೊಂದು ತಿಂದುಹಾಕುತ್ತವೆ. ನೊರೆ ಅಂದರೆ ಕಾರ್ಬನ್ ಡೈಆಕ್ಸೈಡು. ಈಗ ನಿಮ್ಮ ಬಕೆಟ್ಟಲ್ಲಿರೋದು ಒಂಥರಾ ಉಪ್ಪುನೀರು' ಅಂದಳು. ವಿನೆಗರ್ ಬೇರೆಯಾಗಿ, ಸೋಡಾ ಬೇರೆಯಾಗಿ ಹಾಕಿದ್ದರೆ ಒಂದಿಷ್ಟು ಕೆಲಸ ಮಾಡುತ್ತಿದ್ದವಂತೆ. ಆದರೆ ಬೇರೆ ಬೇರೆ ಹಾಕಿದರೆ ಬುಸ್ ಅನ್ನುವುದಿಲ್ಲ. ಬುಸ್ ಅನ್ನದಿದ್ದರೆ ವಿಡಿಯೋ ಯಾರು ನೋಡುತ್ತಾರೆ? ಕೊನೆಗೆ ಅವ್ವ ಕಾಲರಿಗೆ ಬಾರ್ ಸೋಪು ತಿಕ್ಕಿ, ಹತ್ತು ನಿಮಿಷ ಬಿಟ್ಟು, ಬ್ರಷ್ಷಿನಲ್ಲಿ ಉಜ್ಜಿ, ನೀಲಿ ಹಾಕಿ, ಬಿಸಿಲಿಗೆ ಒಣಹಾಕಿದರು. ಅಂಗಿ ಬೆಳ್ಳಗಾಯಿತು. ನೋಡುವಂಥದ್ದು ಏನೂ ಇರಲಿಲ್ಲ.

ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರದು ಇನ್ನೊಂದು ದಾರಿ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಲ್ಲ, ಹಾಗಾಗಿ ತಿಂಗಳ ಕೊನೆಯ ವಾರ ಅವರ ಮನೆಯಲ್ಲಿ ವಾಷಿಂಗ್ ಮಷೀನಿಗೆ ರಜೆ. ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ಮೀಟರ್ ನೋಡುತ್ತಾರೆ. 188 ಅಂದರೆ ಮುಖದಲ್ಲಿ ನಗು, 195 ಅಂದರೆ ಫ್ರಿಜ್ಜಿನ ಬಾಗಿಲು ತೆಗೆಯುವಂತಿಲ್ಲ. ಹೊಸ ತಿಂಗಳು ಹುಟ್ಟುವವರೆಗೆ ಅವರು ಪಂಚೆಯಲ್ಲಿ, ಮೊಮ್ಮಕ್ಕಳು ಹೋದ ವರ್ಷದ ಯೂನಿಫಾರ್ಮಿನಲ್ಲಿ. ಇಸ್ತ್ರಿ ಪೆಟ್ಟಿಗೆಗೂ ಕರೆಂಟ್ ಬೇಕು ಅಂತ ಬಟ್ಟೆಗಳೆಲ್ಲ ಬೀದಿ ಕೊನೆಯ ಇಸ್ತ್ರಿ ಗಾಡಿಗೆ ಹೋಗುತ್ತವೆ, ಒಂದಕ್ಕೆ ಹತ್ತು ರೂಪಾಯಿ. ಹೋದ ತಿಂಗಳು ಅದಕ್ಕೇ 600 ಕೊಟ್ಟರು. 'ಆದ್ರೂ ಬಿಲ್ಲು ಸೊನ್ನೆ ಬಂತು ನೋಡಿ ಸಾರ್' ಅಂತ ಆ ಕಾಗದವನ್ನು ನನಗೆ ತೋರಿಸಿದರು. ಮದುವೆ ಕಾರ್ಡಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮಷೀನಿಗೆ ಬಿಸಿನೀರಿನ ಗುಂಡಿ ಒತ್ತದೆ ತಣ್ಣೀರಲ್ಲೇ ಒಗೆದರೆ ಸಾಕು ಸಾರ್, ಕರೆಂಟಿನಲ್ಲಿ ದೊಡ್ಡ ಪಾಲು ನೀರು ಕಾಯಿಸುವುದಕ್ಕೇ ಹೋಗೋದು ಅಂದೆ. ಅದು ಅವರಿಗೆ ರುಚಿಸಲಿಲ್ಲ. ಅದರಲ್ಲಿ ತ್ಯಾಗ ಎಲ್ಲಿದೆ?

ಸೊಪ್ಪು ತರಕಾರಿ ಕೆಡದ ಹಾಗೆ ಇಡುವುದಕ್ಕೆ ನನ್ನ ಹೆಂಡತಿ ಎಂಟು ಡಬ್ಬಿಗಳ ಸೆಟ್ ತರಿಸಿದಳು. ಒಳಗೆ ಜಾಲರಿ, ಮುಚ್ಚಳದಲ್ಲಿ ಗಾಳಿ ಹೋಗುವ ತೂತು, ಇಂಥ ದಿನ ತುಂಬಿದ್ದು ಅಂತ ತಿರುಗಿಸಿ ಇಡುವ ಚಕ್ರ. ಎಂಟೂ ಡಬ್ಬಿ ಜೋಡಿಸಿದ ಮೇಲೆ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆ ಇಡಲು ಜಾಗ ಇರಲಿಲ್ಲ. ತೊಳೆದು, ಒದ್ದೆಯಲ್ಲೇ ತುಂಬಿದ ಕೊತ್ತಂಬರಿ ಸೊಪ್ಪು ನಾಲ್ಕನೇ ದಿನ ಲೋಳೆಯಾಯಿತು. ಚಕ್ರ ಮಾತ್ರ ದಿನಾಂಕ ಸರಿಯಾಗಿ ತೋರಿಸುತ್ತಿತ್ತು.

ನಮ್ಮ ಬೀದಿಯ ಸೊಪ್ಪಿನಜ್ಜಿಯನ್ನು ಕೇಳಿದೆ. ಬೆಳಿಗ್ಗೆ ಏಳಕ್ಕೆ ಬಂದು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂರುವ ಹೆಂಗಸು, ಒಂದು ಒದ್ದೆ ಗೋಣಿತಾಟಲ್ಲೇ ಅಷ್ಟೂ ಸೊಪ್ಪನ್ನು ಕಾಪಾಡುತ್ತಾರೆ. 'ತೊಳಿಬ್ಯಾಡಿ ಬುದ್ಧಿ. ಬೇರು ಕುಯ್ದು, ಕೊಳ್ತೋಗಿರೋ ಎಲೆ ಆಯ್ದು, ಪೇಪರಲ್ಲಿ ಸುತ್ತಿ ಮಡಗಿ' ಅಂದರು. ಚೆಂದದ ಸಲಹೆ. ಆದರೆ ನಮ್ಮ ಮನೆಯಲ್ಲಿ ಪೇಪರ್ ನಿಲ್ಲಿಸಿ ಮೂರು ವರ್ಷವಾಯಿತು, ಅದೂ ಉಳಿತಾಯಕ್ಕೇ. ಹಾಗಾಗಿ 80 ರೂಪಾಯಿಯ ಟಿಶ್ಯೂ ರೋಲ್ ತಂದು 10 ರೂಪಾಯಿಯ ಸೊಪ್ಪಿಗೆ ಸುತ್ತಿದೆವು. ಸೊಪ್ಪು ವಾರ ಬಾಳಿತು, ಸುಳ್ಳು ಹೇಳಬಾರದು.

ಅದೇ ಅಜ್ಜಿಯ ಹತ್ತಿರ ನಾವು ಚೌಕಾಸಿ ಮಾಡುವುದನ್ನು ನೋಡಬೇಕು. ಡಬ್ಬಿ ಸೆಟ್ಟಿಗೆ 1,299 ಕೊಟ್ಟಾಗ ಹೆಂಡತಿ ಉಸಿರೆತ್ತಲಿಲ್ಲ, ಕೀರೆಸೊಪ್ಪಿನ ಕಟ್ಟು ಹದಿನೈದು ಅಂದಾಗ ಹತ್ತಕ್ಕೆ ಕೊಡಿ ಅಂತ ಹತ್ತು ನಿಮಿಷ ನಿಂತಳು. ಗೆದ್ದ ಮೇಲೆ ಕೊಸರು. ಕರಿಬೇವಿನ ಎರಡು ಎಸಳು ಕೊಸರು ಬೀಳದೆ ಮೈಸೂರಿನಲ್ಲಿ ಯಾವ ವ್ಯಾಪಾರವೂ ಮುಗಿಯುವುದಿಲ್ಲ. ಆನ್‌ಲೈನಿನವರು ಅದನ್ನೂ ಪ್ಯಾಕ್ ಮಾಡಿ ದುಡ್ಡು ಹಾಕುತ್ತಾರೆ, ಅವರ ಹತ್ತಿರ ಕೊಸರು ಕೇಳುವ ಧೈರ್ಯ ಯಾರಿಗೂ ಇಲ್ಲ.

ಈ ಮಧ್ಯೆ ಅವ್ವ ತಾರಸಿಗೆ ಬಂದರು. ನಮ್ಮೂರು ಮದ್ದೂರಿನ ಪಕ್ಕ. ಅಲ್ಲಿಯ ಎಳನೀರು ಮಾರ್ಕೆಟ್ಟಿನಿಂದ ದಿನಾ ಲಾರಿಗಟ್ಟಲೆ ಕಾಯಿ ಹೊರಗೆ ಹೋಗುತ್ತದೆ, ಮಂಡ್ಯ ಸೀಮೆಯಲ್ಲಿ ತೆಂಗಿನ ಮಟ್ಟೆಗೆ ಬರವಿಲ್ಲ. ಅವ್ವನ ಎದುರಿಗೆ ನಾನು ಐದು ಕೆಜಿಯ ಕೋಕೋಪೀಟ್ ದಿಂಡನ್ನು ನೀರಲ್ಲಿ ನೆನೆಹಾಕಿ, ಉಪ್ಪಿನಂಶ ಹೋಗಲಿ ಅಂತ ಮೂರನೇ ಸಲ ತೊಳೆದು ಸುರಿಯುತ್ತಿದ್ದೆ. ಹಿಡಿಯಷ್ಟು ಎತ್ತಿಕೊಂಡು ಮೂಸಿ ನೋಡಿದರು.

'ಏನ್ಲಾ ಮಗಾ ಇದು?'

'ಕೋಕೋಪೀಟು ಅವ್ವ.'

'ಇದು ಮಟ್ಟೆ ಹೊಟ್ಟು ಅಲ್ವೇನ್ಲಾ? ಎಷ್ಟ್ ಕೊಟ್ಟೆ?'

ಹೇಳಿದೆ. ಅವ್ವ ಮಾತಾಡಲಿಲ್ಲ. ನೀರಿನ ಟ್ಯಾಂಕಿನ ನೆರಳಲ್ಲಿ ಸ್ವಲ್ಪ ಹೊತ್ತು ಕೂತರು. ಆಮೇಲೆ, 'ಕೊಟ್ಗೆ ಹಿಂದೆ ಗುಡ್ಡೆ ಬಿದ್ದದೆ. ನೀರ್ ಕಾಯ್ಸೋಕೂ ಯಾರೂ ಮುಟ್ತಿಲ್ಲ. ನಿಮ್ಮಪ್ಪನ್ಗೆ ಹೇಳ್ಬ್ಯಾಡ' ಅಂದರು.

ಸಂಜೆ ಅವರೇ ಒಂದು ಒಡೆದ ಬಕೆಟ್ ಹುಡುಕಿದರು. ತಳದಲ್ಲಿ ಬಿರುಕು ಇದ್ದದ್ದರಿಂದ ತೂತು ಮಾಡುವ ಕೆಲಸವೂ ಉಳಿಯಿತು. ಎದುರಿನ ಖಾಲಿ ಸೈಟಿನ ಮಣ್ಣು, ಅಡುಗೆಮನೆ ಡಬ್ಬಿಯ ತಳದಲ್ಲಿದ್ದ ಒಂದು ಹಿಡಿ ಹಳೇ ಮೆಂತ್ಯ, ಮೇಲೆ ಅಕ್ಕಿ ತೊಳೆದ ನೀರು. ನಾಲ್ಕನೇ ದಿನಕ್ಕೆ ಮೊಳಕೆ ತಲೆಯೆತ್ತಿತು. ಮೂರೂವರೆ ವಾರಕ್ಕೆ ಒಂದು ಹೊತ್ತಿನ ಉಪ್ಸಾರಿಗಾಗುವಷ್ಟು ಸೊಪ್ಪು. ಖರ್ಚು ಬರೆಯೋಣ ಅಂತ ಪುಸ್ತಕ ತೆಗೆದೆ, ಬರೆಯುವುದಕ್ಕೆ ಏನೂ ಸಿಗಲಿಲ್ಲ. ಲೆಕ್ಕವೇ ಇಲ್ಲದ ಮೇಲೆ ಅದನ್ನು ಉಳಿತಾಯ ಅನ್ನೋದು ಹೇಗೆ?

ಹೆಂಡತಿ ಆ ಬಕೆಟ್ಟಿನ ಫೋಟೊ ತೆಗೆದು ತನ್ನ ತಾರಸಿ ತೋಟದ ವಾಟ್ಸಾಪ್ ಗುಂಪಿಗೆ ಹಾಕಿದಳು. ಹನ್ನೊಂದು ಜನ ಹೃದಯ ಒತ್ತಿದರು. ಮೂರು ಜನ ಮೆಂತ್ಯದ ಬಗ್ಗೆ ಕೇಳಿದರು. ಉಳಿದವರದು ಒಂದೇ ಪ್ರಶ್ನೆ. ಕುಂಡ ತುಂಬಾ ಚೆನ್ನಾಗಿದೆ, ಹಳೇ ಕಾಲದ್ದರ ಥರ ಕಾಣುತ್ತೆ, ಎಲ್ಲಿ ತಗೊಂಡ್ರಿ, ಲಿಂಕ್ ಕಳಿಸಿ.

ಟೊಮೆಟೊ ವಿಷಯ ಹೇಳಿ ಮುಗಿಸುತ್ತೇನೆ. ಏಳರಲ್ಲಿ ಒಂದು ಅಳಿಲಿಗೆ, ಒಂದು ಮೇಷ್ಟ್ರಿಗೆ, ಒಂದು ಫೋಟೊ ತೆಗೆಯುವಾಗ ಕೈಜಾರಿ ಕೆಳಗಿನ ಮನೆಯವರ ಸ್ಕೂಟರ್ ಮೇಲೆ. ಮೂರನ್ನು ಮಗಳ ಸ್ನೇಹಿತೆಯರು ಬಂದಾಗ ಕೊಯ್ದು ತಟ್ಟೆಗಿಟ್ಟೆವು, ಅವರು ಮುಟ್ಟಲಿಲ್ಲ. ಕೊನೆಯದನ್ನು ನಾನು ಎಂಟನೇ ಡಬ್ಬಿಯಲ್ಲಿ, ಜಾಲರಿಯ ಮೇಲೆ, ಚಕ್ರ ತಿರುಗಿಸಿ ಇಟ್ಟಿದ್ದೆ. ಮೊನ್ನೆ ಊಟಕ್ಕೆ ಕೂತಾಗ ಡಬ್ಬಿ ತೊಳೆದು ಬೋರಲು ಹಾಕಿತ್ತು. ಎದೆ ಧಸಕ್ಕೆಂದಿತು. ಅವ್ವ ಸಾರು ಬಡಿಸುತ್ತಾ, 'ಅದೇನ್ ಟಮಾಟೆ ತಂದಿದ್ಯೋ ಕಣ್ಲಾ, ಹುಳೀನೇ ಇರ್ಲಿಲ್ಲ. ವಸಿ ಹುಣ್ಸೆಹಣ್ಣ ಕಿವುಚಿ ಹಾಕ್ದೆ' ಅಂದರು.