ಅಹಮದಾಬಾದ್ ಐಐಎಂ ಕ್ಯಾಂಪಸ್ಸಿನ ಲೈಬ್ರರಿ ಉಳೀತಲ್ವಾ, ಅಲ್ಲಿನ ಹಾಸ್ಟೆಲ್ ಉಳಿಸೋಕೆ ಯಾಕೆ ಆಗಲ್ಲ?

ಅಹಮದಾಬಾದಿನ 1950-60ರ ದಶಕದ ಕಟ್ಟಡಗಳ ಬಗ್ಗೆ ಲೇಖನ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ನಮ್ಮಲ್ಲಿ ಪರಂಪರೆ ಅಂದ್ರೆ ದೇವಸ್ಥಾನ, ಕೋಟೆ, ಅರಮನೆ ಅಷ್ಟೇ, ಕಾಂಕ್ರೀಟ್ ಬಿಲ್ಡಿಂಗಿಗೆ ವಯಸ್ಸಾದ್ರೆ ಕೆಡವಿ ಅಂತಾರೆ. ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಅಲ್ಲಿನ ಗಿರಣಿ ಮಾಲೀಕರ ಸಂಘಕ್ಕೆ ಮಾಡಿದ ಮಿಲ್ ಓನರ್ಸ್ ಬಿಲ್ಡಿಂಗ್ (1954) ನೋಡಿ, ರಸ್ತೆ ಕಡೆಗೆ ಓರೆಯಾಗಿ ನಿಲ್ಸಿರೋ ಕಾಂಕ್ರೀಟ್ ಹಲಗೆಗಳು ಸಂಜೆ ಬಿಸಿಲು ತಡೀತವೆ, ಗಾಳಿ ಮಾತ್ರ ಒಳಗೆ ಬಿಡ್ತವೆ, ಆ ಊರಿನ ಬೇಸಿಗೆ ಗೊತ್ತಿದ್ದೇ ಕಟ್ಟಿರೋದು ಅದು, ಈಗಿನ ಗಾಜಿನ ಬಿಲ್ಡಿಂಗುಗಳಿಗೆ ಎಸಿ ಇಲ್ದೆ ಆಗಲ್ಲ.

ನಂಗೆ ಜಾಸ್ತಿ ಸಂಕಟ ಆಗೋದು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಡಿಸೈನ್ ಮಾಡಿದ ಅಹಮದಾಬಾದ್ ಐಐಎಂ ಹಾಸ್ಟೆಲ್‌ಗಳ ವಿಷ್ಯದಲ್ಲಿ. 18ರಲ್ಲಿ 14 ಕೆಡವ್ತೀವಿ ಅಂತ ಐಐಎಂನವರು 2020ರ ಡಿಸೆಂಬರಲ್ಲಿ ಹೊರಟ್ರು, ದೇಶ ವಿದೇಶದಿಂದ ವಿರೋಧ ಬಂದಿದ್ದಕ್ಕೆ ಹೊಸ ವರ್ಷದ ದಿನವೇ ಹಿಂದೆ ಸರಿದ್ರು, 2022ರಲ್ಲಿ ಮತ್ತೆ ಅದೇ ಮಾತು. ನೀರು ಸೋರತ್ತೆ, ಇಟ್ಟಿಗೆ ಉದುರತ್ತೆ, ಮಕ್ಕಳು ಇರೋ ಜಾಗ, ಸರಿ ಒಪ್ಪೋಣ. ಆದ್ರೆ ಅದೇ ಕ್ಯಾಂಪಸ್ಸಿನ ವಿಕ್ರಮ್ ಸಾರಾಭಾಯಿ ಲೈಬ್ರರಿನ ಚೆನ್ನಾಗಿ ರಿಪೇರಿ ಮಾಡಿದ್ದಕ್ಕೆ 2019ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂದಿದೆ, ಅಂದ್ರೆ ಮನಸ್ಸಿದ್ರೆ ಆಗತ್ತೆ ಅಂತಾಯ್ತಲ್ಲ.

ಕಾನ್ ಅವರನ್ನ ಅಹಮದಾಬಾದಿಗೆ ಕರೆಸೋಕೆ ಕಾರಣರಾದ ವಾಸ್ತುಶಿಲ್ಪಿ ಬಿ.ವಿ. ದೋಷಿಯವರೇ ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ಐಐಎಂ ಡಿಸೈನ್ ಮಾಡಿದ್ದು, ಅದರ ಕಲ್ಲಿನ ಕಾರಿಡಾರ್‌ಗಳ ಬಗ್ಗೆನೂ ದಯವಿಟ್ಟು ಒಂದು ಲೇಖನ ಬರೀರಿ.