ಬೇಬಾಕಿ ಪತ್ರವಿಲ್ಲದ ಮನೆ

ಈ ವರ್ಷದ ಬೋನಸ್ಸನ್ನು ನಾನು ಮನೆಸಾಲಕ್ಕೆ ಕಟ್ಟದೆ 401(ಕೆ) ಎಂಬ ಅಮೆರಿಕದ ನಿವೃತ್ತಿ ಉಳಿತಾಯ ಖಾತೆಗೆ ಹಾಕಿದೆನೆಂದು ಕೇಳಿ, ದಾವಣಗೆರೆಯಲ್ಲಿರುವ ಅಪ್ಪ ಫೋನಿನಲ್ಲಿ ಒಂದು ಗಳಿಗೆ ಸುಮ್ಮನಿದ್ದು, "ಹಾಗಾದ್ರೆ ಇನ್ನೂ ಇಪ್ಪತ್ತಾರು ವರ್ಷ ಬ್ಯಾಂಕಿನವರ ಮನೇಲೇ ಇರ್ತೀಯ ಅನ್ನು" ಎಂದರು. ಆ ಮಾತು ಇನ್ನೂ ಚುಚ್ಚುತ್ತಿದೆ.

ಅಪ್ಪನ ಬೀರುವಿನಲ್ಲಿ, ಕ್ರಯಪತ್ರದ ಮೇಲೆಯೇ, ಮನೆಸಾಲ ಪೂರ್ತಿ ತೀರಿತೆಂದು 1994ರಲ್ಲಿ ಸಹಕಾರ ಸಂಘದವರು ಕೊಟ್ಟ ಬೇಬಾಕಿ ಪತ್ರವಿದೆ; ಮಡಿಕೆ ಹರಿದಲ್ಲಿ ಅಂಟುಪಟ್ಟಿ, ಮೂಲೆಯಲ್ಲಿ ಅಮ್ಮ ಹಚ್ಚಿದ ಕುಂಕುಮ. ನೂರಕ್ಕೆ ಹದಿನಾಲ್ಕರ ಬಡ್ಡಿಯ ಆ ಸಾಲವನ್ನು ಬಳೆ ಮಾರಿ ತೀರಿಸಿದ್ದು ಸರಿಯಾದ ಲೆಕ್ಕವೇ. ಆದರೆ 2021ರಲ್ಲಿ ನ್ಯೂಜೆರ್ಸಿಯಲ್ಲಿ ನಾನು ಮಾಡಿದ ಸಾಲಕ್ಕೆ ಬಡ್ಡಿ ಶೇ. 3, ಅದೂ ಮೂವತ್ತು ವರ್ಷ ಕದಲದ ಬಡ್ಡಿ. ರಿಸರ್ವ್ ಬ್ಯಾಂಕಿನ ರೆಪೊ ದರ ಏರಿದಾಗಲೆಲ್ಲ ಕಂತು ಬೆಳೆಯುವ ನಮ್ಮೂರಿನ ಗೃಹಸಾಲದ ಭಯವನ್ನು ಇದಕ್ಕೆ ಅಂಟಿಸುವುದರಲ್ಲಿ ಅರ್ಥವಿಲ್ಲ. 2023ರಲ್ಲಿ ಇಲ್ಲಿನ ಆನ್‌ಲೈನ್ ಬ್ಯಾಂಕುಗಳ ಉಳಿತಾಯ ಖಾತೆಗಳೇ ಶೇ. 4ಕ್ಕೂ ಮೇಲೆ ಕೊಡುತ್ತಿದ್ದವು.

ಹಾಸನದ ಗೆಳೆಯನೊಬ್ಬ ಸಾಲದ ಮೈಲಿಗೆ ತಾಳಲಾರದೆ, ಮೂರು ವರ್ಷ 401(ಕೆ)ಗೆ ಬಿಡಿಗಾಸೂ ಹಾಕದೆ, ಉಳಿದದ್ದನ್ನೆಲ್ಲ ಅಸಲಿಗೆ ಕಟ್ಟಿ ಮನೆಸಾಲ ತೀರಿಸಿದ. ಅವನ ಕಂಪನಿ, ಸಂಬಳದ ಶೇ. 6ರವರೆಗೆ ನೌಕರ ಹಾಕುವ ಹಣಕ್ಕೆ ಅದರ ಅರ್ಧವನ್ನು ತಾನೂ ಸೇರಿಸುತ್ತಿತ್ತು. ಲಕ್ಷ ಡಾಲರ್ ಸಂಬಳಕ್ಕೆ ವರ್ಷಕ್ಕೆ ಮೂರು ಸಾವಿರ ಡಾಲರನ್ನು, ಮೇಲಾಗಿ ತೆರಿಗೆ ಮುಂದೂಡುವ ಅನುಕೂಲವನ್ನು, ಅವನು ಮೂರು ಪರ್ಸೆಂಟಿನ ಸಾಲಕ್ಕಾಗಿ ಬಿಟ್ಟುಕೊಟ್ಟ. ಇದನ್ನು ನಾವು ಊರಿನಲ್ಲಿ ಶಿಸ್ತು ಎಂದು ಹೊಗಳುತ್ತೇವೆ. ಮಾರ್ಚ್ ತಿಂಗಳಲ್ಲಿ ತೆರಿಗೆ ಉಳಿಸಲೆಂದು ಅವಸರವಸರವಾಗಿ ಪಿಪಿಎಫ್‌ಗೆ ಒಂದೂವರೆ ಲಕ್ಷ ತುಂಬುವಾಗ ಮಾತ್ರ ತೆರಿಗೆಯ ನೆನಪು ನಮಗೆ ಚೆನ್ನಾಗಿಯೇ ಇರುತ್ತದೆ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಕೆಲಸ ಹೋದ್ರೆ?" ಹಾಸನದ ಗೆಳೆಯನಿಗೆ ಹೋದ ವರ್ಷ ಹಾಗೆಯೇ ಆಯಿತು, ಮತ್ತು ಐದು ತಿಂಗಳು ಕಂತಿನ ಚಿಂತೆಯಿಲ್ಲದೆ ಅವನು ಮಲಗಿದ್ದನ್ನು ನಾನು ಒಪ್ಪಲೇಬೇಕು. 401(ಕೆ) ಹಣವನ್ನು ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲು ತೆಗೆದರೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತೆರಿಗೆಯ ಜೊತೆಗೆ ತೆಗೆದ ಹಣದ ಶೇ. 10ರಷ್ಟು ದಂಡವೂ ಬೀಳುತ್ತದೆ. ಇನ್ನು ಕ್ರೆಡಿಟ್ ಕಾರ್ಡಿನ ಬಾಕಿಯ ವಿಷಯದಲ್ಲಂತೂ ಸಾಲ ಮೊದಲು ತೀರಿಸಬೇಕೆಂಬ ಅಪ್ಪನ ಮಾತಿಗೆ ಎದುರಾಡುವಂತಿಲ್ಲ. ಆದರೂ ಮೇಷ್ಟರಾಗಿದ್ದ ಅವರಿಗೆ ಸರ್ಕಾರದ ಪಿಂಚಣಿ ಕಾದಿತ್ತು; 2006ರ ಏಪ್ರಿಲ್‌ನಿಂದೀಚೆಗೆ ಕೆಲಸಕ್ಕೆ ಸೇರಿದ ರಾಜ್ಯ ಸರ್ಕಾರಿ ನೌಕರರನ್ನು ಆ ಪಿಂಚಣಿಯ ಬದಲು, ತಾವೂ ಹಣ ಹಾಕಬೇಕಾದ ಎನ್‌ಪಿಎಸ್‌ಗೆ ಸೇರಿಸಲಾಯಿತು, ನನಗಂತೂ ಅದೂ ಇಲ್ಲ.

ಈ ತಿಂಗಳು ಕಂತಿನ ಜೊತೆಗೆ ಇನ್ನೂರು ಡಾಲರ್ ಹೆಚ್ಚಿಗೆ ಅಸಲಿಗೆ ಕಟ್ಟಿದ್ದೇನೆ. ಲೆಕ್ಕದಲ್ಲಿ ಅದು ನಷ್ಟವೇ. ಅಪ್ಪನಿಗೆ ತಿಳಿಸಿದಾಗ, "ರಸೀದಿ ಜೋಪಾನವಾಗಿ ಇಟ್ಕೊಂಡಿದ್ದೀಯ ತಾನೆ?" ಎಂದು ಕೇಳಿದರು.